ಹಲಸೂರಿನ ಮನೆಯನ್ನು ನಾನೇ ನಿಂತು ಮಾರಿದ್ದು

ಹಲಸೂರಿನ ಮನೆಯನ್ನು ದಲ್ಲಾಳಿಯಿಲ್ಲದೆ ಮಾರಲು ನನಗೆ ತಗುಲಿದ ಖರ್ಚು ಇಷ್ಟು: ಎರಡನೆಯ ಸೂಲಿನ, ಕೊಡ ತುಂಬ ಕರೆಯುತ್ತಿದ್ದ ಒಂದು ಹಸು, ಐದು ತಿಂಗಳ ಓಡಾಟ, ಮತ್ತು ಗಂಡನ ಮನೆಯ ಕಡೆಯ ಅಷ್ಟೂ ಜನ. ದಲ್ಲಾಳಿಗೆ ಬಿಟ್ಟಿದ್ದರೆ ನೂರಕ್ಕೆ ಎರಡರಂತೆ ಎಪ್ಪತ್ತು ರೂಪಾಯಿಗೆ ಮುಗಿಯುತ್ತಿತ್ತು. ಎಪ್ಪತ್ತು ರೂಪಾಯಿ ಉಳಿಸಲು ಇಷ್ಟೆಲ್ಲ ಕಳೆದುಕೊಂಡೆಯಾ ಎಂದು ಕೇಳಿದವರಿದ್ದಾರೆ. ನಾನು ಉಳಿಸಲು ಹೊರಟವಳೇ ಅಲ್ಲ. ಆ ಎಪ್ಪತ್ತು ರೂಪಾಯಿ ಒಬ್ಬ ಮನುಷ್ಯನ ಕೋಟಿನ ಜೇಬಿಗೆ ಬೀಳಬಾರದು, ಅಷ್ಟೇ ನನಗೆ ಬೇಕಾಗಿತ್ತು. ಬೀಳಲಿಲ್ಲ. ಅದಕ್ಕಾಗಿ ಇನ್ನೊಂದು ಹಸು ಕೊಡಬೇಕಾಗಿ ಬಂದಿದ್ದರೂ ಕೊಡುತ್ತಿದ್ದೆ.

ಆ ಮನುಷ್ಯ ನನ್ನ ಗಂಡನ ಒಡಹುಟ್ಟಿದ ಅಣ್ಣ, ನನಗೆ ಭಾವ. ಈಗಿನ ಶಿವಾಜಿನಗರಕ್ಕೆ ಆಗ ನಾವೆಲ್ಲ ಬ್ಲ್ಯಾಕ್‌ಪಲ್ಲಿ ಅನ್ನುತ್ತಿದ್ದೆವು. ಅಲ್ಲಿಯ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತು ಮನೆಗಳ ದಲ್ಲಾಳಿ ಮಾಡುತ್ತಿದ್ದರು. ಬೇಸಿಗೆಯಲ್ಲೂ ಕರಿ ಕೋಟು, ಕಂಕುಳಲ್ಲಿ ಛತ್ರಿ, ಬಟ್ಟೆಯ ಚೀಲದಲ್ಲಿ ಯಾರ ಯಾರದೋ ಹಳೆಯ ಕ್ರಯಪತ್ರಗಳು.

ಮನೆಯ ವಿಷಯ ಹೇಳುತ್ತೇನೆ. ಸೋಮೇಶ್ವರ ದೇವಸ್ಥಾನದ ಹಿಂದಿನ ಸಂದಿಯಲ್ಲಿ ಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ಎರಡು ಕೋಣೆ, ಹಿಂದೆ ಕೊಟ್ಟಿಗೆ, ಕೊಟ್ಟಿಗೆಗೆ ಅಂಟಿಕೊಂಡಂತೆ ಸಿಹಿನೀರಿನ ಬಾವಿ. ಗಂಡ ಬದುಕಿದ್ದಾಗ ನಾವು ಅಲ್ಲಿ ಬಾಡಿಗೆಗಿದ್ದೆವು. ಯುದ್ಧ ಶುರುವಾದ ವರ್ಷ ಅವರಿಗೆ ವಿಷಮಶೀತ ಜ್ವರ ಬಂತು. ಹದಿನೇಳು ದಿನ ಆಸ್ಪತ್ರೆಯಲ್ಲಿದ್ದು ಅಲ್ಲೇ ತೀರಿಕೊಂಡರು. ನನ್ನ ಪಾಲಿಗೆ ಎರಡು ಹಸು ಉಳಿದವು.

ದಂಡು ಪ್ರದೇಶದ ತುಂಬ ಆಗ ಸಿಪಾಯಿಗಳು, ಬಂಗಲೆಗಳ ತುಂಬ ದೊರೆಗಳು. ಹಾಲಿಗೆ ಹಾಹಾಕಾರ. ಆ ಬಂಗಲೆಗಳ ಬಟ್ಲರುಗಳೇ ನನ್ನ ಗುರುಗಳು. ಗಾಜಿನ ಕಡ್ಡಿಯನ್ನು ಹಾಲಿಗೆ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, "ತಣ್ಣಿ ಕಲಂದಿರುಕು, ನೀರು ಹಾಕಿದೀಯಮ್ಮ" ಎಂದು ಪ್ರತಿದಿನವೂ ಅನ್ನುವರು. ನೀರು ಹಾಕಿದ ದಿನವೂ ಅದೇ ಮಾತು, ಹಾಕದ ದಿನವೂ ಅದೇ ಮಾತು. ಬೆಲೆಯನ್ನು ಒಂದೇ ಸಲ ಹೇಳಬೇಕು, ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೊಡದ ಮುಚ್ಚಳ ಒರೆಸುತ್ತ ನಿಲ್ಲಬೇಕು ಎಂಬುದನ್ನು ಅವರ ಅಡಿಗೆಮನೆ ಬಾಗಿಲಲ್ಲಿ ಕಲಿತೆ. ಅಕ್ಷರ ಕಲಿತದ್ದೂ ಅಲ್ಲಿಯೇ, ಹಾಲಿನ ಚೀಟಿ ಓದುವುದಕ್ಕೆ. ಎರಡು ಹಸು ಎಂಟಾದವು. ಮನೆಯ ಯಜಮಾನ ಊರು ಬಿಟ್ಟು ಹೊರಟಾಗ ನಾನೇ ಮಾತಾಡಿ, ನಾನೇ ದುಡ್ಡು ಕಟ್ಟಿ, ನನ್ನ ಹೆಸರಿಗೇ ಆ ಮನೆ ಬರೆಸಿಕೊಂಡೆ. ಭಾವನಿಗೆ ಸುದ್ದಿ ಮುಟ್ಟಿದ್ದು ರಿಜಿಸ್ಟರ್ ಆದ ಮೇಲೆ. "ಒಂದ್ ಮಾತು ನನ್ನ ಕೇಳ್ಲಿಲ್ವಲ್ಲ ಇವ್ಳು" ಎಂದು ಅತ್ತೆಯ ಹತ್ತಿರ ಗೊಣಗಿದರಂತೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಯುದ್ಧ ಮುಗಿಯಿತು. ಬಂಗಲೆಗಳು ಒಂದೊಂದಾಗಿ ಬೀಗ ಹಾಕಿಕೊಂಡವು. ಪೇಟೆಯಲ್ಲಿ ಹುಲ್ಲಿನ ಬೆಲೆ ಏರಿತು, ಸಂದಿಯ ಜನ ಸಗಣಿಯ ವಾಸನೆಗೆ ಮೂಗು ಮುಚ್ಚಿಕೊಳ್ಳತೊಡಗಿದರು. ಎಂಟು ಹಸುಗಳನ್ನು ಸಾಕಬೇಕಾದರೆ ಹಳ್ಳಿ ಕಡೆಗೆ ಹೋಗಬೇಕು, ಇಲ್ಲವಾದರೆ ಕಟುಕನಿಗೆ ಕೊಡಬೇಕು. ಕಗ್ಗದಾಸಪುರದಲ್ಲಿ ಎರಡು ಎಕರೆ ಜಮೀನು ನೋಡಿಬಂದೆ. ಬಾವಿಯಿತ್ತು, ಹುಲ್ಲು ಬೆಳೆಯುವ ತಗ್ಗಿತ್ತು. ಜಮೀನಿನ ಗೌಡರು ಒಳ್ಳೆಯವರು.

"ಯುಗಾದಿ ತನಕ ಕಾಯ್ತೀನಿ ಕಣವ್ವ," ಅಂದರು. "ಇಟ್ಟಿಗೆ ಗೂಡಿನೋರು ದಿನಾ ಬಂದು ತಲೆ ತಿಂತಾವ್ರೆ. ಯುಗಾದಿ ಕಳೀತು ಅಂದ್ರೆ ಆಮ್ಯಾಕೆ ನನ್ ಬೈಬ್ಯಾಡ."

ಯುಗಾದಿಗೆ ಇನ್ನೂ ನಾಲ್ಕು ತಿಂಗಳಿತ್ತು. ಅಷ್ಟರೊಳಗೆ ಮನೆಯನ್ನು ಮೂರೂವರೆ ಸಾವಿರಕ್ಕೆ ಮಾರಿದರೆ ಜಮೀನು ನನ್ನದು.

ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಬಟ್ಲರುಗಳ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದ ನಾನು ಮನೆ ಮಾರುವ ಕೆಲಸವನ್ನು ಭಾವನಿಗೆ ಒಪ್ಪಿಸಿದೆ. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರಿಗೆ ನಿಲ್ಲುವಂತಿಲ್ಲ. ಅವರು ಜಗಲಿಗೆ ಬಂದರೆ ನಾನು ಒಳಗೆ ಹೋಗಿ ಬಾಗಿಲ ಹಿಂದೆ ನಿಲ್ಲಬೇಕು, ಏನಾದರೂ ಹೇಳುವುದಿದ್ದರೆ ಅಲ್ಲಿಂದಲೇ ಸಣ್ಣ ದನಿಯಲ್ಲಿ ಹೇಳಬೇಕು. ಮನೆಯಲ್ಲಿ ದಲ್ಲಾಳಿ ಮಾಡುವ ಹಿರಿಯರಿರುವಾಗ ಹೊರಗಿನವರನ್ನು ಕರೆದರೆ ಜನ ಏನನ್ನುತ್ತಾರೆ ಎಂಬ ಅಂಜಿಕೆ ಬೇರೆ. ಸಾವಿರಾರು ರೂಪಾಯಿಯ ವ್ಯಾಪಾರವನ್ನು ಬಾಗಿಲ ಸಂದಿನಿಂದ ಮಾಡಲು ಹೊರಟ ನನ್ನ ಬುದ್ಧಿಗೆ ಏನೆನ್ನಲಿ!

ಭಾವ ಆರು ಜನರನ್ನು ಕರೆತಂದರು. ಆರು ಜನವೂ ಜಗಲಿಯಲ್ಲಿ ಕೂತರು, ಕೋಣೆ ನೋಡಿದರು, ಗೋಡೆ ತಟ್ಟಿದರು, ಬಾವಿ ಬಗ್ಗಿ ನೋಡಿದರು. ಬೆಲೆ ಕೇಳಿ ತಲೆದೂಗಿದರು. ಭಾವ ಅವರನ್ನು ಸಂದಿಯ ಮೂಲೆಯವರೆಗೆ ಕಳಿಸಿ ಬರುತ್ತಿದ್ದರು. ಹಾಗೆ ಹೋದವರಲ್ಲಿ ಒಬ್ಬರೂ ತಿರುಗಿ ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಭಾವ ಒಬ್ಬರೇ ಬಂದು ಛತ್ರಿಯನ್ನು ಗೋಡೆಗೊರಗಿಸಿ ಕೂತರು.

"ನೋಡಮ್ಮಾ, ನೀನು ಹೇಳೋ ಬೆಲೆಗೆ ಈ ಜನ್ಮದಲ್ಲಿ ಹೋಗಲ್ಲ. ನಮ್ಮಾಕೆ ತಮ್ಮ ಹದಿನೆಂಟು ನೂರು ಕೊಡ್ತೀನಿ ಅಂತಾನೆ. ಕೈಮೇಲೆ ದುಡ್ಡು. ಒಂಟಿ ಹೆಂಗ್ಸು, ಯಾಕೆ ಒದ್ದಾಡ್ತೀಯ?"

ಬಾಗಿಲ ಹಿಂದಿನಿಂದ ನಾನು, "ಯೋಚ್ನೆ ಮಾಡ್ತೀನಿ ಅನ್ನಿ" ಅಂದೆ. ಹದಿನೆಂಟು ನೂರಕ್ಕೆ ಕಗ್ಗದಾಸಪುರದ ಬಾವಿಯೂ ಬರುತ್ತಿರಲಿಲ್ಲ.

ಅದಾದ ವಾರಕ್ಕೆ ಬ್ಲ್ಯಾಕ್‌ಪಲ್ಲಿಯ ಒಬ್ಬ ದರ್ಜಿಯ ಮನೆಗೆ ಹಾಲು ಹಾಕಲು ಹೋದೆ. ಆ ದರ್ಜಿ ಮನೆ ನೋಡಿ ಹೋದ ಆರು ಜನರಲ್ಲಿ ಒಬ್ಬ. ಅವನ ಹೆಂಡತಿ ಪಾತ್ರೆ ಹಿಡಿದುಕೊಂಡು ಬಂದವಳು ಹಾಲು ಹಾಕಿಸಿಕೊಳ್ಳದೆ ನಿಂತಳು.

"ಅಕ್ಕಾ, ಒಂದ್ಮಾತು ಕೇಳ್ತೀನಿ, ನಾರಾಜ್ ಆಗ್ಬೇಡ. ಈ ಹಾಲಿನ್ ಕೊಡ ಯಾವ ನೀರಲ್ಲಿ ತೊಳೀತೀಯ?"

"ನಮ್ಮ ಬಾವಿ ನೀರಲ್ಲಿ. ಯಾಕಮ್ಮ?"

"ತೋಬಾ, ತೋಬಾ! ಆ ಬಾವಿಲೇನಾ? ನಮ್ಮೋರಿಗೆ ಮನೆ ಬಹಳ ಪಸಂದಾಗಿತ್ತು. ಮೂಲೇಲಿ ನಿಂತು ನಿನ್ ಜೇಠ್, ಅದೇ ನಿನ್ ಭಾವ, ಎಲ್ಲಾ ಹೇಳಿದ್ರಂತೆ. ನಿನ್ ಗಂಡ ಅದ್ರೊಳಗೇ ಬಿದ್ದು ಜೀವ ಕಳ್ಕೊಂಡ್ರಂತಲ್ಲ. 'ನನ್ ಸ್ವಂತ ತಮ್ಮ, ಅದಕ್ಕೇ ಸುಳ್ಳು ಹೇಳೋಕೆ ಮನಸ್ ಬರಲ್ಲ' ಅಂತ ಕಣ್ಣಲ್ಲಿ ನೀರು ಹಾಕಿದ್ರಂತೆ."

ಕೊಡವನ್ನು ಕೆಳಗಿಟ್ಟೆ. ಆಸ್ಪತ್ರೆಯಲ್ಲಿ ಹದಿನೇಳು ದಿನ ನಾನು ಅವರ ಬಾಯಿಗೆ ಗಂಜಿ ಬಿಟ್ಟಿದ್ದೆ. ಆ ಹದಿನೇಳು ದಿನದಲ್ಲಿ ಭಾವ ಬಂದದ್ದು ಎರಡು ಸಲ. ಕಡೆಯ ದಿನ ಹೆಣ ಹೊತ್ತವರೂ ಅವರೇ. ಸನ್ನಿಯಲ್ಲಿ ಹೋದ ತಮ್ಮನನ್ನು ಒಂದು ಹೆಂಚಿನ ಮನೆಯ ಆಸೆಗೆ ಆರು ಜನರ ಮುಂದೆ ಆರು ಸಲ ಬಾವಿಗೆ ತಳ್ಳಿದ್ದರು.

ನಾನು ಅಳಲಿಲ್ಲ. ಅಲ್ಲಿಂದ ನೇರ ಟೀ ಅಂಗಡಿಗೆ ಹೋಗಿ ಕೂಗಾಡಲೂ ಇಲ್ಲ. ಕೂಗಾಡಿದ್ದರೆ ನಾಲ್ಕು ಜನ ಸೇರಿ ಇಬ್ಬರಿಗೂ ಸಮಾಧಾನ ಹೇಳಿ, ಅವರಿಗೆ ಇನ್ನೊಂದು ಟೀ ಕುಡಿಸಿ ಕಳಿಸುತ್ತಿದ್ದರು. ದರ್ಜಿಯ ಹೆಂಡತಿಗೆ ಹಾಲು ಹಾಕಿ, ಆಸ್ಪತ್ರೆಗೆ ಹೋಗಿ, ಗಂಡ ತೀರಿಕೊಂಡ ಬಗ್ಗೆ ಬರೆದ ಚೀಟಿಯ ನಕಲು ಕೊಡಿ ಎಂದು ಅರ್ಜಿ ಕೊಟ್ಟು ಮನೆಗೆ ಬಂದೆ. ಆಮೇಲೆ ಶಾಲೆಯ ಮೇಷ್ಟರೊಬ್ಬರಿಂದ ಒಂದು ಹಲಗೆ ಬರೆಸಿದೆ. ಕನ್ನಡ, ತಮಿಳು, ಉರ್ದು ಮೂರರಲ್ಲೂ: 'ಈ ಮನೆ ಮಾರಾಟಕ್ಕಿದೆ. ಮನೆಯವಳನ್ನೇ ಕೇಳಿ. ದಲ್ಲಾಳಿಗಳು ಬರಬೇಡಿ.' ದಿನಾ ಬೆಳಿಗ್ಗೆ ನಲವತ್ತು ಮನೆಗೆ ಹಾಲು ಹಾಕುತ್ತಿದ್ದೆನಲ್ಲ, ಆ ನಲವತ್ತು ಬಾಗಿಲಲ್ಲೂ ಬಾಯಿಂದ ಹೇಳಿದೆ. ಯಾವ ದಲ್ಲಾಳಿಗೆ ನಲವತ್ತು ಅಡಿಗೆಮನೆಗಳ ಒಳಗೆ ಪ್ರವೇಶವಿದೆ?

ಹಾಗೆ ಬಂದವರು ರೈಲ್ವೆಯಲ್ಲಿ ಗಾರ್ಡಾಗಿ ನಿವೃತ್ತರಾದ ಒಬ್ಬರು ಮತ್ತು ಅವರ ಹೆಂಡತಿ. ಮನೆಯಲ್ಲಿ ತಮಿಳು, ಹೊರಗೆ ಒಳ್ಳೆಯ ಕನ್ನಡ. ನಾನು ಅವರನ್ನು ಮೊದಲು ಕರೆದುಕೊಂಡು ಹೋದದ್ದೇ ಬಾವಿಯ ಹತ್ತಿರ. ಆಸ್ಪತ್ರೆಯ ಚೀಟಿಯನ್ನು ಕೈಗೆ ಕೊಟ್ಟೆ, ಊರಲ್ಲಿ ಏನು ಸುದ್ದಿಯಿದೆ, ಅದನ್ನು ಯಾರು ಹಬ್ಬಿಸಿದರು, ಯಾಕೆ ಹಬ್ಬಿಸಿದರು ಎಲ್ಲವನ್ನೂ ಹೇಳಿದೆ. ಗಾರ್ಡಿನ ಹೆಂಡತಿ ತಾನೇ ಒಂದು ಬಿಂದಿಗೆ ಸೇದಿ, ಅಂಗೈಯಲ್ಲಿ ನೀರು ಹಿಡಿದು ಕುಡಿದಳು. "ಎಳನೀರು ಮಾದಿರಿ ಇದೆ" ಅಂದಳು.

ಗಾರ್ಡು ಎರಡು ಸಾವಿರದ ಎಂಟು ನೂರಕ್ಕೆ ಶುರು ಮಾಡಿದರು.

"ಮೂರೂವರೆ ಸಾವಿರ," ಅಂದೆ. ಅಂದು ಸುಮ್ಮನಾದೆ.

"ಗೋಡೆ ಮಣ್ಣಿಂದು ಅಮ್ಮಾ."

ನಾನು ಕೊಡದ ಮುಚ್ಚಳ ಒರೆಸಿದೆ.

"ಕೊಟ್ಟಿಗೆ ನಮಗೆ ಯಾತಕ್ಕೆ ಹೇಳಿ? ನಾನೇನು ಎಮ್ಮೆ ಕಟ್ಲಾ?"

"ಕಟ್ಬೇಡಿ, ಬಾಡಿಗೆಗೆ ಬಿಡಿ. ಜಟಕಾದೋರು ಕ್ಯೂ ನಿಂತ್ಕೋತಾರೆ."

ಅವರ ಹೆಂಡತಿ ನಕ್ಕಳು. ಹೆಂಡತಿ ನಕ್ಕರೆ ವ್ಯಾಪಾರ ಅರ್ಧ ಕುದುರಿದ ಹಾಗೆ. ಗಾರ್ಡು ಹಂತ ಹಂತವಾಗಿ ಏರಿ ಮೂರು ಸಾವಿರದ ನಾಲ್ಕು ನೂರೈವತ್ತಕ್ಕೆ ಬಂದು ನಿಂತರು. "ಒಂದೈವತ್ತಾದ್ರೂ ಬಿಡಿ, ನನ್ನ ಮರ್ಯಾದೆಗೆ."

"ಐವತ್ತು ಬಿಡಲ್ಲ ಸ್ವಾಮಿ. ಮರ್ಯಾದೆಗೆ ಒಂದು ತಿಂಗಳು ದಿನಾ ಅರ್ಧ ಸೇರು ಗಟ್ಟಿ ಹಾಲು ಕೊಡ್ತೀನಿ."

ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು. ನನ್ನ ಗಂಡನ ಅಣ್ಣ ಕ್ರಯಪತ್ರಕ್ಕೆ ಸಾಕ್ಷಿ ರುಜು ಹಾಕಬೇಕು. "ಪತ್ರ ನಿಮ್ಮ ಹೆಸರಲ್ಲೇ ಇದೆ, ಸರಿ. ನಾಳೆ ಆ ಮನುಷ್ಯ ಬಂದು ಇದು ನನ್ನ ತಮ್ಮನ ದುಡ್ಡು, ನನಗೂ ಪಾಲಿದೆ ಅಂತ ಕೋರ್ಟಿಗೆ ಹೋದ್ರೆ ಈ ವಯಸ್ಸಲ್ಲಿ ನಾನು ಅಲೀಲಾ?" ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಭಾವನಿಗೆ ಹೇಳಿ ಕಳಿಸಿದೆ. ಉತ್ತರ ಮಾರನೆಯ ದಿನವೇ ಬಂತು. ರುಜುವಿಗೆ ಇನ್ನೂರು, ಮೇಲೆ ದಲ್ಲಾಳಿಯ ಎಪ್ಪತ್ತು. ಮೊದಲು ಆ ಹಲಗೆ ಕಿತ್ತು ಹಾಕಲಿ, ಆಮೇಲೆ ಬಾಗಿಲ ಹಿಂದೆ ನಿಂತು ಕೇಳಲಿ, ಎಂದಿದ್ದರು. ಯುಗಾದಿಗೆ ಹನ್ನೆರಡು ದಿನ ಉಳಿದಿತ್ತು, ಅಷ್ಟರೊಳಗೆ ರುಜು ಸಿಗುವ ಭರವಸೆ ಇರಲಿಲ್ಲ. ಆಗಲೇ ನನ್ನ ಕೊಟ್ಟಿಗೆಯ ಒಳ್ಳೆಯ ಹಸುವನ್ನು ಕರುವಿನ ಸಮೇತ ಕಗ್ಗದಾಸಪುರಕ್ಕೆ ಹೊಡೆದುಕೊಂಡು ಹೋಗಿ ಗೌಡರ ಮನೆಯ ಮುಂದೆ ಕಟ್ಟಿದೆ. ಇನ್ನೊಂದು ತಿಂಗಳು ಕಾಯಿರಿ, ಇದು ಕಾದದ್ದಕ್ಕೆ, ಜಮೀನಿನ ಬೆಲೆಯಲ್ಲಿ ಸೇರಿಸಬೇಡಿ ಅಂದೆ. ಗೌಡರು ಕೆಚ್ಚಲು ಮುಟ್ಟಿ ನೋಡಿ, "ಆಯ್ತು ಬುಡವ್ವ" ಅಂದರು.

ಆಮೇಲೆ ದೊಮ್ಮಲೂರಿಗೆ ನಡೆದೆ. ಭಾವನ ಮನೆ ಅಲ್ಲಿತ್ತು. ಭಾವ ಬೆಂಚಿನ ಮೇಲಿರುವ ಹೊತ್ತು ನೋಡಿಕೊಂಡೇ ಹೋದೆ. ಅತ್ತೆ ಅಲ್ಲೇ ಇರುತ್ತಿದ್ದರು. ಹಿತ್ತಿಲಲ್ಲಿ ಕೂತು, ಕೊನೆಯ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಎದುರಿಗೆ ಕೂತು ನಾಲ್ಕು ಕಾಯಿ ಸುಲಿದೆ. ಆಮೇಲೆ ಹೇಳಿದೆ. ಏನನ್ನೂ ಬೆಳೆಸಲಿಲ್ಲ, ಏನನ್ನೂ ಬಿಡಲಿಲ್ಲ. ಕಣ್ಣಲ್ಲಿ ನೀರು ಹಾಕಿದ್ದನ್ನೂ ಹೇಳಿದೆ.

ಅತ್ತೆಯ ಕೈ ನಿಲ್ಲಲಿಲ್ಲ. ಮೊರದ ತುಂಬ ಕಾಳು ಬೀಳುತ್ತಲೇ ಇತ್ತು. ಮೊರದಿಂದ ಕಣ್ಣೆತ್ತದೆ, "ಎಷ್ಟ್ ಜನಕ್ಕೆ ಹೇಳವ್ನೆ?" ಅಂದರು.

"ಆರು ಜನಕ್ಕೆ, ನನಗೆ ಗೊತ್ತಿರೋ ಹಾಗೆ."

"ನಾಳೆ ಅವ್ನಿಗೆ ಹೇಳಿಕಳ್ಸು, ರುಜುಗೆ ಬಾ ಅಂತ. ನಾನು ಬಂದಿರ್ತೀನಿ ಅಂತ ಹೇಳ್ಬ್ಯಾಡ."

ಮಾರನೆಯ ದಿನ ಜಗಲಿಯ ಮೇಲೆ ಗಾರ್ಡು, ಅವರ ಹೆಂಡತಿ, ಛಾಪಾಕಾಗದ ಹಿಡಿದ ಪತ್ರ ಬರೆಯುವವನು, ಮತ್ತು ನಾನೇ ಕರೆಸಿದ್ದ ದರ್ಜಿ ಕೂತಿದ್ದರು. ಅತ್ತೆ ಒಳಗಿದ್ದರು. ಭಾವ ಛತ್ರಿ ಬೀಸುತ್ತ ಬಂದರು. ನಾನು ಜಗಲಿಯ ನಡುವೆ ಚಾಪೆಯ ಮೇಲೆ ಕೂತಿದ್ದೆ, ಏಳಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅವರು ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

"ಏನಮ್ಮಾ ಇದು? ದೊಡ್ಡೋರು ಚಿಕ್ಕೋರು ಅನ್ನೋದು ಏನಾದ್ರೂ ಇದೆಯೋ ಇಲ್ವೋ?"

"ಇದೆ ಭಾವ. ಕೂತ್ಕೊಳ್ಳಿ. ದೊಡ್ಡೋರು ಒಳಗಿದಾರೆ."

ಅತ್ತೆ ಹಿತ್ತಿಲ ಕಡೆಯಿಂದ ಬಂದರು. ಕೈಯಲ್ಲಿ ಹಿತ್ತಾಳೆಯ ಚೊಂಬು, ಆಗ ತಾನೆ ಸೇದಿದ ನೀರು, ಸೆರಗೆಲ್ಲ ಒದ್ದೆ. ಮಗನ ಮುಂದೆ ಚೊಂಬು ಹಿಡಿದರು.

"ಬಿಸ್ಲಲ್ಲಿ ಬಂದಿದೀಯ. ಕುಡಿ."

"ಬ್ಯಾಡವ್ವ, ಈಗಷ್ಟೇ ಟೀ..."

"ನಿನ್ ತಮ್ಮ ಬಿದ್ದ ಬಾವಿ ನೀರು. ಕುಡಿಯೋ."

ಭಾವ ದರ್ಜಿಯನ್ನು ನೋಡಿದರು. ದರ್ಜಿ ತನ್ನ ಟೋಪಿಯನ್ನು ಸರಿಮಾಡಿಕೊಂಡ. ಕುಡಿಯದಿದ್ದರೆ ತಾಯಿಯ ಮುಖಕ್ಕೇ ಆ ಮಾತನ್ನು ಹೇಳಿದ ಹಾಗೆ. ಕುಡಿದರೆ ಆರು ಸಲ ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡ ಹಾಗೆ. ಕೋಟಿನ ಮೇಲೆಲ್ಲ ಚೆಲ್ಲಿಕೊಂಡು ಪೂರ್ತಿ ಕುಡಿದರು. ಚೊಂಬು ಖಾಲಿಯಾಗುವವರೆಗೂ ನಾನು ಕಣ್ಣು ಬೇರೆಡೆಗೆ ತಿರುಗಿಸಲಿಲ್ಲ. ಅಷ್ಟು ರುಚಿಯಾದ ನೀರನ್ನು ನಾನು ಕುಡಿಯದೆಯೇ ಸವಿದದ್ದು ಅದೊಂದೇ ಸಲ.

"ಈಗ ರುಜು ಹಾಕು," ಅಂದರು ಅತ್ತೆ. ಭಾವ ಹಾಕಿದರು. ಅದರ ಕೆಳಗೆ ಅತ್ತೆ ತಮ್ಮ ಹೆಬ್ಬೆಟ್ಟನ್ನೂ ಒತ್ತಿದರು. ಎಪ್ಪತ್ತರ ಮಾತೂ ಇಲ್ಲ, ಇನ್ನೂರರ ಮಾತೂ ಇಲ್ಲ. ನಾನು ಗಾರ್ಡಿಗೆ ಎಲೆ ಅಡಿಕೆ ಕೊಟ್ಟೆ, ದರ್ಜಿಗೂ ಕೊಟ್ಟೆ. ಭಾವನ ಮುಂದೆ ತಟ್ಟೆಯನ್ನು ಹಿಡಿಯದೆ ದಾಟಿಸಿದೆ.

ಅಲ್ಲಿಗೆ ಬಿಟ್ಟೆನೇ? ಬಿಡಲಿಲ್ಲ. ಯುಗಾದಿ ಕಳೆದು ಪತ್ರ ರಿಜಿಸ್ಟರಾದ ಮಾರನೆಯ ಬೆಳಿಗ್ಗೆಯಿಂದ ನಲವತ್ತು ಬಾಗಿಲಲ್ಲೂ ಆ ಚೊಂಬಿನ ಕಥೆ ಹೇಳಿದೆ. ತಿಂಗಳೊಳಗೆ ಟೀ ಅಂಗಡಿಯವನೇ ಭಾವನನ್ನು, "ಏನಣ್ಣಾ, ಟೀ ಕೊಡ್ಲಾ, ಬಾವಿ ನೀರು ತರಿಸ್ಲಾ?" ಎಂದು ಕೇಳತೊಡಗಿದ್ದನಂತೆ. ಮನೆ ತೋರಿಸಲು ಕರೆದವರು, "ನಿಮ್ ತಮ್ಮಂದಿರು ಇನ್ನೆಷ್ಟು ಜನ ಬಿದ್ದವ್ರೆ ಇಲ್ಲಿ?" ಅನ್ನುತ್ತಿದ್ದರಂತೆ. ಬೆಂಚು ಬಿಟ್ಟು ಕೃಷ್ಣರಾಜಪುರದ ಸಂತೆಯಲ್ಲಿ ದನದ ವ್ಯಾಪಾರಕ್ಕೆ ನಿಂತರು. ಅಲ್ಲಿಯೂ ನನಗೆ ಗೊತ್ತಿದ್ದವರಿದ್ದರು.

ಅತ್ತೆ ಮತ್ತೆ ದೊಮ್ಮಲೂರಿಗೆ ಹೋಗಲಿಲ್ಲ. ಮಹದೇವಪುರದಲ್ಲಿದ್ದ ತಮ್ಮ ತವರಿಗೆ ಹೋದರು. ನನ್ನ ಹತ್ತಿರವೂ ಬರಲಿಲ್ಲ. ಕಗ್ಗದಾಸಪುರದಲ್ಲಿ ಕೊಟ್ಟಿಗೆ ಎದ್ದ ಮೇಲೆ ಒಂದು ಡಬ್ಬಿ ತುಪ್ಪ ತೆಗೆದುಕೊಂಡು ನೋಡಲು ಹೋದೆ. ತುಪ್ಪ ಮುಟ್ಟಲಿಲ್ಲ.

"ನಂಗೆ ಒಬ್ಬ ಸತ್ತಿದ್ದ, ಒಬ್ಬ ಇದ್ದ," ಅಂದರು. "ನೀನು ಬಂದು ಹೇಳಿದ್ ಮ್ಯಾಲೆ ಇಬ್ರೂ ಇಲ್ಲ. ನಿಂಗೆ ಜಮೀನಾಯ್ತಲ್ಲ, ಹೋಗವ್ವ."

ತುಪ್ಪದ ಡಬ್ಬಿ ಹಿಡಿದುಕೊಂಡೇ ವಾಪಸು ನಡೆದು ಬಂದೆ. ರುಜು ಪಡೆಯಲು ನನಗೆ ಬೇರೆ ದಾರಿ ಇರಲಿಲ್ಲವೇ ಎಂದು ಯೋಚಿಸಿದ್ದೇನೆ. ಇನ್ನೂರ ಎಪ್ಪತ್ತು ರೂಪಾಯಿಯ ದಾರಿ ಇತ್ತು. ಆ ದಾರಿಯಲ್ಲಿ ನಾನು ಈಗಲೂ ಹೋಗುವುದಿಲ್ಲ.

ಸ್ವಂತ ಮನೆಯನ್ನು ತಾವೇ ಮಾರಲು ಹೊರಟವರಿಗೆ ನಾನು ಹೇಳುವುದು ಇಷ್ಟು. ಸಂಬಂಧಿಕರ ಕೈಗೆ ಮಾರಾಟ ಒಪ್ಪಿಸಬೇಡಿ, ಸಂಬಂಧಿಕರಿಗೆ ಮಾರಲೂ ಬೇಡಿ. ಮನೆ ನೋಡಲು ಬಂದವರ ಜೊತೆ ನೀವೇ ಮಾತಾಡಿ, ಹೆಂಗಸರಾದರೆ ಇನ್ನೂ ಜೋರಾಗಿ ಮಾತಾಡಿ. ಅವರು ಹೊರಟಾಗ ಬೀದಿಯ ಮೂಲೆ ದಾಟುವವರೆಗೂ ಜೊತೆಗೆ ನಡೆಯಿರಿ, ಯಾಕೆಂದರೆ ಮನೆಯ ಬೆಲೆ ಕೆಡುವುದು ಅಲ್ಲಿ. ಕೊಳ್ಳುವವರು ಒಂದು ಸಲ ಬಂದು ನೋಡಿ ತಿರುಗಿ ಬರದಿದ್ದರೆ ಬೆಲೆ ಇಳಿಸಬೇಡಿ, ಮೊದಲು ಅವರ ಅಡಿಗೆಮನೆಗೆ ಹೋಗಿ ಕಾರಣ ಕೇಳಿ. ನಿಮ್ಮ ಮನೆಯ ಮೇಲೆ ಏನಾದರೂ ಮಾತು ಹುಟ್ಟಿದ್ದರೆ ಗಿರಾಕಿಗೆ ಅದನ್ನು ನೀವೇ ಮೊದಲು ಹೇಳಿ, ಕೈಯಲ್ಲಿ ಕಾಗದ ಹಿಡಿದುಕೊಂಡು ಹೇಳಿ. ದುಡ್ಡಿನಲ್ಲಿ ಸೋಲಬೇಡಿ, ಸೋಲಲೇಬೇಕಾದರೆ ನಿಮ್ಮ ಕೊಟ್ಟಿಗೆಯಲ್ಲಿ, ಹಿತ್ತಿಲಲ್ಲಿ ಸಿಗುವ ಪದಾರ್ಥ ಕೊಟ್ಟು ಸೋಲಿ. ಸಾಕ್ಷಿಗೆ ಯಾರು ಬೇಕಾಗುತ್ತಾರೆ ಎಂಬುದನ್ನು ಹಲಗೆ ತೂಗುಹಾಕುವ ಮೊದಲೇ ವಿಚಾರಿಸಿಕೊಳ್ಳಿ, ಆಗ ಹಸು ಉಳಿಯುತ್ತದೆ. ಸೇಡು ತೀರಿಸಿಕೊಳ್ಳುವ ಮನಸ್ಸಿದ್ದರೆ ಪತ್ರ ರಿಜಿಸ್ಟರ್ ಆಗುವವರೆಗೆ ತಡೆದುಕೊಳ್ಳಿ. ಮತ್ತೆ, ಅದಕ್ಕೆ ಯಾರ ತಾಯಿಯನ್ನಾದರೂ ಕರೆಯುವುದಾದರೆ, ಆ ಮುದುಕಿ ಆಮೇಲೆ ಎಲ್ಲಿ ಇರಬೇಕು ಅನ್ನುವುದನ್ನು ಕರೆಯುವ ಮುಂಚೆಯೇ ಗೊತ್ತುಮಾಡಿ. ನಾನು ಹೊಸ ಜಾಗದಲ್ಲಿ ಉಳಿದ ಏಳು ಹಸುಗಳಿಗೆ ಕೊಟ್ಟಿಗೆಯ ಅಳತೆ ಹಾಕಿದ್ದೆ, ಅತ್ತೆಗೆ ಒಂದು ಕೋಣೆಯ ಅಳತೆ ಹಾಕಿರಲಿಲ್ಲ.